ಸ್ತ್ರೀಲೋಲ ಪದಕ್ಕೆ ಹೆಣ್ಣುರೂಪ ಯಾವುದು? ಒಂಬತ್ತನೇ ಕ್ಲಾಸಿನ ಹುಡುಗಿಯ ಪ್ರಶ್ನೆ

ತುಂಗೆದಂಡೆ (ಚರ್ಚೆ ಆರಂಭಿಸಿದವರು):

ಎಲ್ಲರಿಗೂ ನಮಸ್ಕಾರ. ತೀರ್ಥಹಳ್ಳಿ ತಾಲ್ಲೂಕಿನ ಒಂದು ಹೈಸ್ಕೂಲಲ್ಲಿ ಕನ್ನಡ ಪಾಠ ಮಾಡ್ತೀನಿ. ಮೊನ್ನೆ ಗುರುವಾರ ಕೊನೇ ಪಿರಿಯಡ್. ಹೊರಗೆ ಮಳೆ ಹೊಡೀತಿತ್ತು, ಹೆಂಚಿನ ಸದ್ದಿಗೆ ನಾನು ಓದಿದ್ದು ಹಿಂದಿನ ಬೆಂಚಿಗೆ ಕೇಳಿಸ್ತಿರಲಿಲ್ಲ. ಪದ್ಯ ಬಿಟ್ಟು ಬೋರ್ಡಿನ ಮೇಲೆ ವ್ಯಾಕರಣ ಹಾಕಿದೆ. ಅನ್ಯಲಿಂಗ ರೂಪ ಬರೆಯಿರಿ. ಅರಸ–ಅರಸಿ, ಕವಿ–ಕವಯಿತ್ರಿ, ಒಕ್ಕಲಿಗ–ಒಕ್ಕಲಗಿತ್ತಿ, ವಿಧವೆ–ವಿಧುರ. ಮಕ್ಕಳು ಕೂಗಿ ಹೇಳ್ತಿದ್ರು, ನಾನು ಬರೀತಿದ್ದೆ.

ಮೂರನೇ ಬೆಂಚಿನ ಒಬ್ಬ ಹುಡುಗಿ ಎದ್ದು ನಿಂತು ಕೇಳಿದ್ಲು: "ಮೇಡಂ, ಸ್ತ್ರೀಲೋಲಕ್ಕೆ?" ಲೈಬ್ರರಿಯಿಂದ ಒಯ್ದ ಯಾವುದೋ ಕತೇಲಿ ಒಬ್ಬ ಜಮೀನ್ದಾರನಿಗೆ ಆ ಪದ ಇತ್ತಂತೆ. ಹುಡುಗರು ನಕ್ಕರು. ಅವಳು ಕೂರಲಿಲ್ಲ, ಪೆನ್ನು ಹಿಡಿದು ನಿಂತೇ ಇದ್ಲು. ನಾನು "ನಾಳೆ ಹೇಳ್ತೀನಿ, ಕೂತ್ಕೊ" ಅಂದೆ. ನಾಲ್ಕು ದಿನ ಆಯ್ತು, ಹೇಳಿಲ್ಲ.

ವ್ಯಾಕರಣದ ಲೆಕ್ಕಕ್ಕೆ ಪುರುಷಲೋಲೆ ಅಂತ ಕಟ್ಟಬಹುದು. ಆದರೆ ಯಾರಾದ್ರೂ ಆಡಿದ್ದು ಕೇಳಿದೀರಾ? ಹೆಣ್ಣುಬಾಕ ಇದ್ದಾನೆ, ಗಂಡುಬಾಕಿ ಇಲ್ಲ. ಗಂಡುಬೀರಿ ಇದ್ದಾಳೆ, ಆದರೆ ಅದು ಗಂಡಸಿನ ಹಾಗೆ ಓಡಾಡೋಳಿಗೆ ಹೇಳೋದು. ಬೋರ್ಡಿನ ಮುಂದೆ ನಿಂತಾಗ ನನ್ನ ತಲೆಗೆ ಪದಗಳು ಬರಲಿಲ್ಲ ಅಂತಲ್ಲ, ಬೇಕಾದಷ್ಟು ಬಂದವು. ಅವುಗಳಲ್ಲಿ ಒಂದನ್ನೂ ಚಾಕ್‌ಪೀಸಿನಲ್ಲಿ ಬರೆಯೋಕೆ ಆಗ್ತಿರಲಿಲ್ಲ. ಆ ಹುಡುಗಿಗೆ ಎಂತ ಹೇಳ್ಲಿ?

ಕೊಪ್ಪದ ಮೇಷ್ಟ್ರು:

ಮೇಡಂ, ನಿಮ್ಮ ವಿದ್ಯಾರ್ಥಿನಿಗೆ ನನ್ನ ಆಶೀರ್ವಾದ ತಿಳಿಸಿ. ಸಂಸ್ಕೃತದಲ್ಲಿ ಉತ್ತರ ಇದೆ, ಅದೂ ಒಂದಲ್ಲ. ಅಮರಕೋಶದ ಮನುಷ್ಯವರ್ಗದಲ್ಲಿ ಪುಂಶ್ಚಲೀ, ಬಂಧಕೀ, ಅಸತೀ, ಕುಲಟಾ, ಸ್ವೈರಿಣೀ, ಪಾಂಸುಲಾ ಎಂದು ಒಂದೇ ಉಸಿರಿಗೆ ಬರುತ್ತವೆ. ಪುಂಶ್ಚಲಿ ಎಂದರೆ ಗಂಡಸರ ಹಿಂದೆ ಹೋಗುವವಳು. ಅರ್ಥದ ಮಟ್ಟಿಗೆ ಸ್ತ್ರೀಲೋಲನಿಗೆ ಸರಿಜೋಡಿ ಅದೇ. ಕುಲಟೆ ಮನೆಯಿಂದ ಮನೆಗೆ ಅಲೆಯುವವಳು. ಪಾಂಸುಲೆಯಲ್ಲಿ ಧೂಳಿದೆ, ಮೈಗೆ ಮಣ್ಣು ಹತ್ತಿದವಳು.

ನನ್ನನ್ನು ನಲವತ್ತು ವರ್ಷದಿಂದ ಕಾಡುವುದು ಸ್ವೈರಿಣಿ ಎಂಬ ಪದ. ಸ್ವೈರ ಎಂದರೆ ತನ್ನಿಚ್ಛೆಯಂತೆ ನಡೆಯುವುದು, ಅಷ್ಟೇ. ಸ್ವೈರವಿಹಾರ ಎಂದು ಆನೆಗೂ ಹೇಳುತ್ತೇವೆ, ಗಾಳಿಗೂ ಹೇಳುತ್ತೇವೆ, ಅಲ್ಲಿ ಯಾರಿಗೂ ಮುಜುಗರವಿಲ್ಲ. ಹೆಣ್ಣಿಗೆ ಅಂಟಿದ ಕೂಡಲೇ ಅದು ಬೈಗುಳ.

ಇನ್ನು ಲೋಲ. ಗೋಪೀಲೋಲ, ಗಾನಲೋಲ ಎಂದು ಭಜನೆಯಲ್ಲಿ ತಾಳ ಹಾಕಿ ಹಾಡುತ್ತೇವೆ. ಅಲ್ಲಿ ಲೋಲ ಎಂದರೆ ಮನಸ್ಸು ಸೋತವನು, ತನ್ಮಯನಾದವನು. ಲಕ್ಷ್ಮಿ ಒಂದು ಕಡೆ ನಿಲ್ಲುವುದಿಲ್ಲ ಎನ್ನುವಾಗ ಮಾತ್ರ ಚಂಚಲೆ. ಲೋಲ, ಚಂಚಲ, ಎರಡರ ಮೂಲ ಅರ್ಥವೂ ಅಲುಗಾಡುವುದೇ.

ಸಾಗರದ ಸೊಸೆ:

ಪುಸ್ತಕದ ಪದ ಹಾಗಿರ್ಲಿ, ಮನೇಲಿ ಎಂತ ಹೇಳ್ತಾರೆ ನೋಡುವ. ಹೋದ ವರ್ಷ ಕೊನೆಕೊಯ್ಲಿನ ಹೊತ್ತಿಗೆ ರಾತ್ರಿ ಚಪ್ಪರದಡಿ ಅಡಿಕೆ ಸುಲೀತಿದ್ವಿ. ಎಂಟು ಹೆಂಗಸರು, ಎಂಟು ಮೆಟ್ಟುಗತ್ತಿ, ನಡುವೆ ಒಂದು ಬಲ್ಬು. ಡಬ್ಬದ ಲೆಕ್ಕದಲ್ಲಿ ಕೂಲಿ, ಹಾಗಾಗಿ ಕೈ ನಿಲ್ಲಲ್ಲ, ಮಾತೂ ನಿಲ್ಲಲ್ಲ. ಆಚೆ ಒಲೆ ಮೇಲೆ ಹಂಡೆಯಲ್ಲಿ ಅಡಿಕೆ ಬೇಯ್ತಿತ್ತು.

ಊರಿನ ಒಬ್ಬರ ಸುದ್ದಿ ಬಂತು. ಮೂರು ಕಡೆ ಸಂಬಂಧ ಇಟ್ಟುಕೊಂಡವರು. ನಮ್ಮಲ್ಲಿ ಎಲ್ಲರಿಗಿಂತ ಹಿರಿಯರು "ಅವರಾ? ಮೊದಲಿಂದ್ಲೂ ಸ್ವಲ್ಪ ರಸಿಕರು" ಅಂದ್ರು. ಎಲ್ಲರೂ ನಕ್ಕರು. ನಾನೂ ನಕ್ಕೆ, ಸುಳ್ಳು ಹೇಳಲ್ಲ. ಆಮೇಲೆ ಆ ಮೂವರಲ್ಲಿ ಒಬ್ಬಳ ಹೆಸರು ಬಂತು. ಅದೇ ಅಜ್ಜಿ ಕತ್ತಿಯಿಂದ ಕಣ್ಣೆತ್ತದೆ "ಅವಳು ಆ ಥರದವಳು" ಅಂದ್ರು. ಅಷ್ಟೇ. ಸ್ವಲ್ಪ ಹೊತ್ತು ಸಿಪ್ಪೆ ಬೀಳೋ ಸದ್ದು ಮಾತ್ರ.

ಟೀಚರಮ್ಮ, ನಿಮ್ಮ ಹುಡುಗಿಗೆ ಉತ್ತರ ಅಲ್ಲೇ ಇದೆ ಅಂತ ನನಗನ್ಸುತ್ತೆ. ಅವನಿಗೆ ಒಂದು ಹೆಸರು ಕೊಡ್ತೀವಿ. ಅವಳಿಗೆ "ಆ ಥರದವಳು", "ಅಂಥವಳು", "ಅವಳು ಸರಿ ಇಲ್ಲ". ಹೆಸರು ಕೊಟ್ರೆ ಬಾಯಿ ಮೈಲಿಗೆ ಆಗುತ್ತೆ ಅನ್ನೋ ಹಾಗೆ.

ಶರಾವತಿ ಹಿನ್ನೀರು:

"ನಡತೆಗೆಟ್ಟವಳು" ಸೇರಿಸಿ. ಗಂಡಸಿನ ನಡತೆ ಅಂದ್ರೆ ಸಾಲ, ಕುಡಿತ, ಮಾತಿಗೆ ತಪ್ಪೋದು ಎಲ್ಲ ಬರುತ್ತೆ. ಹೆಂಗಸಿನ ನಡತೆ ಅಂದ್ರೆ ಒಂದೇ ವಿಷಯ.

ಭದ್ರಾವತಿ ಬೈಪಾಸ್:

ನನ್ನದು ಬೇರೆ ಅಭಿಪ್ರಾಯ, ಬೇಜಾರು ಮಾಡ್ಕೋಬೇಡಿ. ವಸ್ತು ಇದ್ದಲ್ಲಿ ಪದ ಹುಟ್ಟುತ್ತೆ. ಹೆಣ್ಣುಮಕ್ಕಳಲ್ಲಿ ಆ ಚಪಲ ಕಡಿಮೆ, ಹಾಗಾಗಿ ಪದವೂ ಹುಟ್ಟಲಿಲ್ಲ. ಇದರಲ್ಲಿ ಅನ್ಯಾಯ ಎಲ್ಲಿ ಬಂತು?

ಸಾಗರದ ಸೊಸೆ:

ಪದ ಹುಟ್ಟಿಲ್ಲ ಅಂತ ಯಾರು ಹೇಳಿದ್ರು ಸರ್? ಜಾರೆ, ಹಾದರಗಿತ್ತಿ, ಮಿಂಡಗಾತಿ, ಚಿನಾಲಿ, ಊರುಬಸವಿ. ಮೇಷ್ಟ್ರು ಕೊಟ್ಟಿದ್ದು ಬೇರೆ. ಬೇಲಿ ಜಗಳಕ್ಕೂ ನೀರಿನ ಜಗಳಕ್ಕೂ ಇವೇ ಬರ್ತವೆ, ಬೈಸಿಕೊಂಡವಳು ಏನೂ ಮಾಡಿರಬೇಕಾಗಿಲ್ಲ. ಹುಡುಗಿ ಕೇಳಿದ್ದು ಇವನ್ನಲ್ಲ. ಹೇಳಿದವರ ಮುಖದಲ್ಲಿ ಸಿಟ್ಟಿಲ್ಲದೆ, ಬರೀ ಸ್ವಭಾವ ತಿಳಿಸೋ ಪದ ಕೇಳಿದ್ದು.

ಊರುಬಸವಿಯನ್ನೇ ತಗೊಳ್ಳಿ. ಬಸವ ಅಂದ್ರೆ ದೇವರಿಗೆ ಬಿಟ್ಟ ಗೂಳಿ. ಯಾರ ಗದ್ದೆಗೆ ನುಗ್ಗಿದ್ರೂ ಕೈಮುಗಿದು ಆಚೆ ಅಟ್ತೀವಿ. ಅದೇ ಪದಕ್ಕೆ ಒಂದು ಇಕಾರ ಹಾಕಿ ನೋಡಿ.

ಬಟ್ಟೆಅಂಗಡಿ ಗಾಂಧಿಬಜಾರ್:

ನಾನು ದಿನಾ ಬಟ್ಟೆ ಅಳೆಯೋನು, ಹಾಗಾಗಿ ಬಟ್ಟೆಯ ಮಾತು ಹೇಳ್ತೀನಿ. ಗಂಡಸಿಗೆ ಕಚ್ಚೆಹರುಕ ಅಂತಾರೆ. ಕೈ, ಬಾಯಿ, ಕಚ್ಚೆ ಶುದ್ಧ ಇರ್ಬೇಕು ಅಂತ ಹಿರಿಯರು ಬುದ್ಧಿ ಹೇಳ್ತಿದ್ರು. ಅಲ್ಲಿ ಕಚ್ಚೆ ಅವನದ್ದೇ, ಸಡಿಲ ಬಿಟ್ಟವನೂ ಅವನೇ. ಹೆಂಗಸಿಗೆ "ಸೆರಗು ಹಾಸಿದಳು" ಅಂತಾರೆ. ಸೆರಗು ಅವಳದ್ದಾದ್ರೂ ಹಾಸಿದ್ದು ಇನ್ನೊಬ್ಬನಿಗೆ ಅಂತ ಲೆಕ್ಕ. ಅವಳಿಗೇ ಬೇಕಿತ್ತು ಅನ್ನೋ ಮಾತು ಆ ನುಡಿಯೊಳಗೆ ಎಲ್ಲೂ ಬರಲ್ಲ. ಅವಳು ದುಡ್ಡಿಗೆ ಹೋಗಿರ್ಬೇಕು, ಇಲ್ಲಾ ಯಾರೋ ಕೆಡಿಸಿರ್ಬೇಕು.

ಚಂಡೆಮದ್ದಳೆ ಹೊಸನಗರ:

ಯಕ್ಷಗಾನ ನೋಡಿಕೊಂಡೇ ಬೆಳೆದವನು ನಾನು. ಚಂದ್ರಾವಳಿ ವಿಲಾಸ ಪ್ರಸಂಗದಲ್ಲಿ ಕೃಷ್ಣ ಇನ್ನೊಬ್ಬನ ಹೆಂಡತಿಗಾಗಿ ಹೆಣ್ಣುವೇಷ ಹಾಕಿ ಅವಳ ಮನೆಗೇ ನುಗ್ತಾನೆ. ಗಂಡ ಚಂದಗೋಪ ಪೆದ್ದನಾಗಿ ಕೂತಿರ್ತಾನೆ. ಮಕ್ಕಳು ಮುದುಕರು ಎಲ್ಲ ಬಿದ್ದು ಬಿದ್ದು ನಗ್ತಾರೆ. ನನಗೂ ಆ ಪ್ರಸಂಗ ಇಷ್ಟ, ಈಗಲೂ.

ಶೂರ್ಪನಖಿಯ ಕತೆ ನೋಡಿ. ಕಾಡಲ್ಲಿ ಒಬ್ಬ ಚೆಲುವನನ್ನ ಕಂಡು ಇಷ್ಟಪಟ್ಟು, ಬಾಯಿಬಿಟ್ಟು ಕೇಳ್ತಾಳೆ. ವೇಷ ಮರೆಸಿ ಬಂದಳು, ಸೀತೆಯ ಮೇಲೆ ಬಿದ್ದಳು, ಅದು ತಪ್ಪೇ. ಆದರೆ ರಂಗದ ಮೇಲೆ ನಾವು ಅವಳನ್ನ ಎರಡು ಮಾಡ್ತೀವಿ. ಮೊದಲು ಮಾಯಾ ಶೂರ್ಪನಖಿ, ಸೀರೆ ಉಟ್ಟ ಚಂದದ ಸ್ತ್ರೀವೇಷ. ಆಮೇಲೆ ಘೋರ ಶೂರ್ಪನಖಿ, ಬಣ್ಣದ ವೇಷ, ದೊಂದಿ, ಅಬ್ಬರ. ಮಾಡೋರೂ ಬೇರೆ ಬೇರೆ ಕಲಾವಿದರು. ಬೇಕು ಅಂತ ಬಾಯಿಬಿಟ್ಟ ಹೆಣ್ಣಿನ ಒಳಗೆ ನಿಜಕ್ಕೂ ಇರೋದು ರಾಕ್ಷಸಿ ಅಂತ ಅಷ್ಟು ದೊಡ್ಡದಾಗಿ ತೋರಿಸ್ತೀವಿ. ಕೃಷ್ಣನೂ ವೇಷ ಮರೆಸಿಯೇ ಹೋಗಿದ್ದು. ಅವನ ವೇಷ ಕಳಚಿದಾಗ ಒಳಗೆ ದೇವರು ಸಿಗ್ತಾನೆ.

ಒಂದು ರಾತ್ರಿ ಆಟ ಮುಗಿದ ಮೇಲೆ ಚೌಕಿಯಲ್ಲಿ, ಅಂದ್ರೆ ವೇಷ ಕಟ್ಟೋ ಜಾಗದಲ್ಲಿ, ಮಾಯಾ ಶೂರ್ಪನಖಿ ಮಾಡಿದ್ದವರು ಕೊಬ್ಬರಿ ಎಣ್ಣೆ ಹಚ್ಚಿ ಬಣ್ಣ ಒರೆಸ್ತಾ ಕೂತಿದ್ರು. ನನಗಾಗ ಹದಿನೈದು ವರ್ಷ. "ರಾಮನ್ನ ನೋಡೋವಾಗ ನೀವು ನಾಚ್ಕೊಳ್ಳೇ ಇಲ್ವಲ್ಲ" ಅಂದೆ. "ಅವಳಿಗೆ ನಾಚಿಕೆ ಯಾಕೆ ಮಾರಾಯ, ಅವಳು ಸುಳ್ಳು ಹೇಳ್ತಿಲ್ಲ" ಅಂದ್ರು. ಆ ಮಾತು ಇವತ್ತಿಗೂ ಮರೆತಿಲ್ಲ.

ಬಳ್ಳಿಗಾವಿ ಕೆರೆ ಏರಿ:

ಮೇಲಿನವರು ಹೇಳಿದ್ದಕ್ಕೆ ನಮ್ಮೂರಿನದೇ ಸಾಕ್ಷಿ ಇದೆ. ಅಲ್ಲಮಪ್ರಭು ಬಳ್ಳಿಗಾವಿಯವನು, ಗೊತ್ತಲ್ಲ. ಹರಿಹರ ಬರೆದ ರಗಳೆಯಲ್ಲಿ ಅಲ್ಲಮ ಕಮಲತೆ ಅನ್ನೋಳನ್ನ ಪ್ರೀತಿಸಿ ಮದುವೆಯಾಗ್ತಾನೆ. ಅವಳು ಜ್ವರ ಬಂದು ಸಾಯ್ತಾಳೆ, ಆ ದುಃಖದಲ್ಲಿ ಅಲೆಯೋವಾಗ ಅವನಿಗೆ ಗುರು ಸಿಕ್ತಾನೆ. ಹದಿನೈದನೇ ಶತಮಾನದ ಚಾಮರಸನ ಕೈಗೆ ಬರೋ ಹೊತ್ತಿಗೆ ಕಮಲತೆ ಇಲ್ಲ. ಅವಳ ಜಾಗದಲ್ಲಿ ಮಾಯೆ ಬಂದಿದಾಳೆ. ಬನವಸೆಯ ದೊರೆ ಮಮಕಾರನ ಮಗಳು, ತಾಯಿ ಹೆಸರು ಮೋಹಿನಿ, ಅಲ್ಲಮನನ್ನ ಮರುಳು ಮಾಡೋಕೇ ಹುಟ್ಟಿ ಬಂದವಳು. ಅಲ್ಲಮ ಸೋಲಲ್ಲ. ಮಹಾತ್ಮ ಒಬ್ಬ ಹೆಣ್ಣಿಗೆ ಮನಸ್ಸು ಕೊಟ್ಟಿದ್ದ ಅನ್ನೋದನ್ನ ಮರೆಮಾಡೋಕೆ ಹೆಂಡತಿಯನ್ನೇ ಬಲೆ ಮಾಡಿದರು ಅಂತ ನನಗೆ ಅನ್ನಿಸುತ್ತೆ. ಚಾಮರಸನ ಕಾವ್ಯದ ಮೇಲೆ ನನಗೆ ಗೌರವ ಇದೆ. ಆದರೂ ಕಮಲತೆಗೆ ಆದದ್ದು ಸರಿಯಲ್ಲ.

ಕೆಳದಿ ಚರಿತ್ರೆಯಲ್ಲೂ ಇದೇ ಹಾದಿ. ರಾಣಿ ಚೆನ್ನಮ್ಮ 1672ರಿಂದ 1697ರವರೆಗೆ ಆಳಿದಳು ಅಂತ ಹೆಮ್ಮೆಯಿಂದ ಹೇಳ್ತೀವಿ. ಗಂಡ ಸೋಮಶೇಖರ ನಾಯಕ ಯಾಕೆ ಕೆಟ್ಟ ಅನ್ನೋವಾಗ ಕಲಾವತಿ ಅನ್ನೋ ನರ್ತಕಿಯ ಹೆಸರು ಬರುತ್ತೆ. ಅವಳು ಬಲೆ ಬೀಸಿದಳು, ಅರಸ ಬಿದ್ದ. ಅರಸನಿಗೆ ಸ್ತ್ರೀಲೋಲ ಅನ್ನೋ ಪದ ಕೈಯಳತೆಯಲ್ಲೇ ಇತ್ತು, ಹೇಳೋರು ಅದನ್ನ ಬಳಸಲ್ಲ.

ನಗರದ ಕಾಲೇಜು ಹುಡುಗ:

ಇಂಗ್ಲಿಷಲ್ಲಾದ್ರೂ ಸಮ ಇದೆಯಾ ಅಂತ ಹುಡುಕಿದೆ. ಮ್ಯಾನ್ ಈಟರ್ ಅಂತಾರೆ. ನಮ್ಮ ಕಾಡಲ್ಲಿ ಆ ಮಾತು ಹುಲಿಗೆ, ಕೋವಿ ಹಿಡಿದು ಹುಡುಕಿಕೊಂಡು ಹೋಗೋ ಹುಲಿಗೆ. ವ್ಯಾಂಪ್ ಅನ್ನೋದು ವ್ಯಾಂಪೈರ್ ಇಂದ ಬಂದದ್ದು, 1915ರಲ್ಲಿ ಥೀಡಾ ಬಾರಾ ಅನ್ನೋ ಅಮೆರಿಕದ ಮೂಕಿಚಿತ್ರದ ನಟಿಯ ಪಾತ್ರದಿಂದ ಎಲ್ಲ ಕಡೆ ಹರಡ್ತು. ತನಗಿಂತ ಚಿಕ್ಕ ಗಂಡಸರನ್ನ ಬಯಸೋಳಿಗೆ ಹೇಳೋ ಕೂಗರ್ ಅಂದ್ರೂ ಕಾಡುಬೆಕ್ಕಿನ ಜಾತಿಯ ದೊಡ್ಡ ಪ್ರಾಣಿಯೇ. ಎಲ್ಲ ರಕ್ತ ಕುಡಿಯೋ, ಮಾಂಸ ತಿನ್ನೋ ಪದಗಳು.

ಗಂಡಸಿಗೆ ಕ್ಯಾಸನೋವಾ ಅಂತ ಹೇಳ್ತಾರೆ, ಕನ್ನಡ ಪೇಪರಲ್ಲೂ ಬರುತ್ತೆ. ಅವನು ನಿಜವಾಗಿ ಇದ್ದವನು, ವೆನಿಸ್‌ನವನು, 1725ರಿಂದ 1798. ಮುದುಕನಾದ ಮೇಲೆ ಬೊಹೀಮಿಯದ ಒಂದು ಕೋಟೆಮನೆಯಲ್ಲಿ ಲೈಬ್ರರಿ ನೋಡ್ಕೊಂಡು ತನ್ನ ಕತೆ ತಾನೇ ಬರೆದ. ಹೆಂಗಸಲ್ಲಿ ಆ ಥರ ಹೆಸರು ಉಳಿದದ್ದು ರೋಮಿನ ಚಕ್ರವರ್ತಿ ಕ್ಲಾಡಿಯಸ್‌ನ ಹೆಂಡತಿ ಮೆಸಲೀನಾಳದ್ದು. ಕ್ರಿ.ಶ. 48ರಲ್ಲಿ ಅವಳನ್ನ ಕೊಂದರು. ಅವಳ ಬಗ್ಗೆ ನಾವು ಓದೋದೆಲ್ಲ ಸತ್ತ ಮೇಲೆ ಗಂಡಸರು ಬರೆದದ್ದು. ಅವಳು ಬರೆದದ್ದು ಒಂದು ಸಾಲೂ ಇಲ್ಲ.

ತುಂಗೆದಂಡೆ:

ಈ ಕೊನೇ ಮಾತು ಓದಿ ಉಡುತಡಿ ನೆನಪಾಯ್ತು. ಅಕ್ಕಮಹಾದೇವಿ ನಮ್ಮ ಶಿಕಾರಿಪುರ ತಾಲ್ಲೂಕಿನವಳು. ಒಂದು ವಚನದಲ್ಲಿ ಒಳಗಣ ಗಂಡ, ಹೊರಗಣ ಮಿಂಡ, ಎರಡನ್ನೂ ನಡೆಸಲು ಬಾರದು ಅಂತಾಳೆ. ಲೌಕಿಕ ಪಾರಮಾರ್ಥದ ಮಾತು ಅದು, ಗೊತ್ತು. ಆದರೆ ಮಿಂಡ ಅನ್ನೋ ಪದ ಎತ್ತಿಕೊಳ್ಳೋಕೆ ಅವಳಿಗೆ ಅಳುಕಿಲ್ಲ. ಹನ್ನೆರಡನೇ ಶತಮಾನದ ಹೆಂಗಸು ಬಾಯ್ತುಂಬ ಆಡಿದ್ದನ್ನ ನಾನು ಬೋರ್ಡಲ್ಲಿ ಬರೆಯೋಕೆ ಹಿಂಜರಿದೆ.

ಕೋರ್ಟುರಸ್ತೆ ವಕೀಲ:

ಕಾನೂನಿನಲ್ಲೂ ಇದೇ ಖಾಲಿ ಜಾಗ ಇತ್ತು. ದಂಡಸಂಹಿತೆಯ 497ನೇ ಕಲಂ ಪ್ರಕಾರ ವ್ಯಭಿಚಾರಕ್ಕೆ ಶಿಕ್ಷೆ ಗಂಡಸಿಗೆ ಮಾತ್ರ, ಐದು ವರ್ಷದವರೆಗೆ. ಹೆಂಗಸಿಗೆ ಕುಮ್ಮಕ್ಕಿನ ಅಪರಾಧವೂ ಇರಲಿಲ್ಲ. ಕೇಳೋಕೆ ದಯೆ ಅನ್ಸುತ್ತೆ. ಆದರೆ ಗಂಡ ಒಪ್ಪಿದ್ದರೆ ಅಪರಾಧವೇ ಅಲ್ಲ ಅಂತಲೂ ಅಲ್ಲೇ ಬರೆದಿತ್ತು. ಅಂದ್ರೆ ತೋಟದ ಮಾಲೀಕನ ಅನುಮತಿ ಇದ್ರೆ ಅಡಿಕೆಕೊನೆ ಕೊಯ್ದದ್ದು ಕಳ್ಳತನ ಅಲ್ಲ ಅನ್ನೋ ಹಾಗೆ. 2018ರ ಸೆಪ್ಟೆಂಬರ್ 27ರಂದು ಸುಪ್ರೀಂ ಕೋರ್ಟು ಅದನ್ನ ರದ್ದು ಮಾಡಿತು. ಹೆಂಗಸು ತಾನಾಗಿ ಬಯಸಿರಬಹುದು ಅನ್ನೋ ಕಲ್ಪನೆಯೇ 1860ರ ಆ ಕಲಮಿಗೆ ಇರಲಿಲ್ಲ.

ಮಂಡಿ ಮನೆಯ ಮಗಳು:

ಮೂರು ದಿನದಿಂದ ಓದ್ತಾ ಇದೀನಿ, ಬರೀಲೋ ಬೇಡ್ವೋ ಅಂತ. ನಮ್ಮಪ್ಪ ರಸಿಕರು. ಊರೆಲ್ಲ ಹಾಗೇ ಅಂತಿತ್ತು. ಒಳ್ಳೇ ವ್ಯಾಪಾರ, ಒಳ್ಳೇ ಮಾತು, ಬಿಳೀ ಜುಬ್ಬ, ಅತ್ತರು. ವಾರಕ್ಕೆರಡು ರಾತ್ರಿ ಮನೇಲಿ ಇರ್ತಿರಲಿಲ್ಲ. ಅಮ್ಮ ಅನ್ನಕ್ಕೆ ಅಕ್ಕಿ ಅಳೆಯೋವಾಗ ನನ್ನ ಕೇಳೋರು, "ಅಪ್ಪ ಬರ್ತೀನಿ ಅಂದ್ರಾ?" ಅಂತ. ನಾನು ಆಗ ನಾಲ್ಕನೇ ಕ್ಲಾಸು.

ಅಪ್ಪನ ವೈಕುಂಠ ಸಮಾರಾಧನೆ ದಿನ ಪಂಕ್ತಿಯಲ್ಲಿ ಅವರ ಸ್ನೇಹಿತರೊಬ್ಬರು "ನಿಮ್ಮಪ್ಪ ಭಾರಿ ರಸಿಕ ಕಣಮ್ಮ, ಜೀವನ ಅನುಭವಿಸಿದ" ಅಂತ ಎಲ್ಲರಿಗೂ ಕೇಳೋ ಹಾಗೆ ಹೇಳಿದ್ರು. ಎಲೆ ಮುಂದೆ ಪಾಯಸದ ಸೌಟು ಹಿಡಿದು ನಿಂತಿದ್ದವರು ಅಮ್ಮ. ಒಂದು ಕ್ಷಣ ಕೈ ನಿಂತಿತು. ಆಮೇಲೆ ಬಡಿಸಿ ಮುಂದಿನ ಎಲೆಗೆ ಹೋದ್ರು. ರಾತ್ರಿ ಪಾತ್ರೆ ತೊಳೀತಾ "ರಸ ಅವರಿಗೆ, ಸಿಪ್ಪೆ ನನಗೆ" ಅಂದ್ರು. ಬದುಕಿಡೀ ಅವರ ಬಾಯಿಂದ ನಾನು ಕೇಳಿದ ದೂರು ಅದೊಂದೇ.

ಹೆಂಗಸರಿಗೂ ಒಂದು ನಗುಮುಖದ ಪದ ಬೇಕು ಅಂತ ಇಲ್ಲಿ ಎಲ್ಲರೂ ಹುಡುಕ್ತಿದೀರಿ. ನನಗೆ ಅದು ಬೇಡ. ಅಪ್ಪನ ಪದದ ಮೇಲಿರೋ ಆ ನಗು ಮೊದಲು ತೆಗೀರಿ. ಮನೇಲಿ ಯಾರೋ ಒಬ್ಬರು ಅಕ್ಕಿ ಅಳೀತಾ ಕಾಯ್ತಿರ್ತಾರೆ. ಆ ಕಾಯೋರು ಗಂಡಸಾದ್ರೂ ನೋವು ಅದೇ.

ಸಾಗರದ ಸೊಸೆ:

ಅಕ್ಕ, ಚಪ್ಪರದಡಿ ಆವತ್ತು ನಾನೂ ನಕ್ಕಿದ್ದೆ ಅಂತ ಬರೆದಿದ್ದೆ. ಕ್ಷಮಿಸಿ.

ಆಗುಂಬೆ ತಿರುವು:

ಅಕ್ಕ ಹೇಳಿದ್ದು ಒಪ್ಪಿದೆ. ಆದರೆ ಒಂದು ವ್ಯತ್ಯಾಸ ಇಟ್ಟುಕೊಳ್ಳೋಣ. ನಂಬಿದವರಿಗೆ ಮೋಸ ಮಾಡೋದು ಬೇರೆ, ಬಯಸೋದು ಬೇರೆ. ನಮ್ಮ ಪದಗಳು ಗಂಡಸಿನಲ್ಲಿ ಎರಡನ್ನೂ ಕ್ಷಮಿಸ್ತವೆ, ಹೆಂಗಸಲ್ಲಿ ಎರಡನ್ನೂ ಒಂದೇ ಮಾಡಿ ಹೊಡೀತವೆ.

ಘಟಶ್ರಾದ್ಧ ಸಿನಿಮಾ ನೆನಪು ಮಾಡ್ಕೊಳ್ಳಿ, 1977ರದ್ದು, ಅನಂತಮೂರ್ತಿಯವರ ಕತೆ. ನಿರ್ದೇಶಕ ಗಿರೀಶ ಕಾಸರವಳ್ಳಿ ನಮ್ಮ ತೀರ್ಥಹಳ್ಳಿ ಕಡೆಯವರೇ. ಯಮುನಕ್ಕ ಯಾರಿಗೆ ಮೋಸ ಮಾಡಿದ್ಲು? ಬಾಲವಿಧವೆ, ಗಂಡ ಅನ್ನೋನೇ ಇಲ್ಲ. ಬದುಕಿರೋವಾಗಲೇ ಅವಳಿಗೆ ಶ್ರಾದ್ಧ ಮಾಡಿ ಹೊರಗೆ ಹಾಕಿದ್ರು. ಅವಳನ್ನ ಬಸಿರು ಮಾಡಿದವನಿಗೆ ಊರು ಏನೂ ಮಾಡಲ್ಲ.

ತಲೆ ಬೋಳಿಸಿದ ವಿಧವೆಯನ್ನ ಬೋಳಿ ಅಂತಿದ್ರು. ನಮ್ಮ ಕಡೆ ಸ್ನೇಹಿತ ಎದುರು ಸಿಕ್ಕಿದ್ರೆ ಪ್ರೀತಿಗೂ ಬೋಳಿಮಗ ಅಂತೀವಿ. ನಾನೂ ದಿನಕ್ಕೆ ಹ‌ತ್ತು ಸಲ ಅಂತಿದ್ದೆ. ವಿಧವೆಗೆ ಹುಟ್ಟಿದವನು ಅಂತ ಅದರ ಅರ್ಥ, ಯಮುನಕ್ಕನ ಮಗು. ಗಂಡಸನ್ನ ಬೈಯೋಕೂ ಅವನ ತಾಯಿಯನ್ನ ಎಳೆದು ತರಬೇಕು. ಗೊತ್ತಾದ ಮೇಲೆ ಬಿಟ್ಟೆ.

ಭದ್ರಾವತಿ ಬೈಪಾಸ್:

ಮೇಲೆ ನಾನು ಹೇಳಿದ್ದನ್ನ ವಾಪಸ್ ತಗೊಳ್ತೀನಿ. ಅಭಿಸಾರಿಕೆ ನಡೆಯುತ್ತಾ ಮೇಷ್ಟ್ರೇ? ಅದರಲ್ಲಿ ಬೈಗುಳ ಇಲ್ಲ.

ಕೊಪ್ಪದ ಮೇಷ್ಟ್ರು:

ಕಾವ್ಯಶಾಸ್ತ್ರ ಹೇಳುವ ಎಂಟು ಬಗೆಯ ನಾಯಕಿಯರಲ್ಲಿ, ಅಂದರೆ ಅಷ್ಟನಾಯಿಕೆಯರಲ್ಲಿ ಒಬ್ಬಳು, ಕತ್ತಲಲ್ಲಿ ಮಳೆಯಲ್ಲಿ ತಾನೇ ಹೊರಟು ನಲ್ಲನನ್ನು ಕಾಣಲು ಹೋಗುವವಳು. ಧೈರ್ಯದ ಪದ, ಸುಂದರವಾದ ಪದ. ಆದರೆ ಅವಳು ಹೋಗುವುದು ಒಬ್ಬನ ಬಳಿಗೆ. ಸ್ತ್ರೀಲೋಲನಿಗೆ ಜೋಡಿಯಾಗುವುದಿಲ್ಲ. 1209ರಲ್ಲಿ ಜನ್ನ ಬರೆದ ಯಶೋಧರ ಚರಿತೆಯ ರಾಣಿ ಅಮೃತಮತಿಯೂ ಹಾಗೆಯೇ. ರಾತ್ರಿ ಮಾವುತನ ಹಾಡು ಕೇಳಿಯೇ ಸೋತಳು. ಅವನು ಕುರೂಪಿ ಎಂದು ಸಖಿ ಎಷ್ಟು ಹೇಳಿದರೂ ಮನಸ್ಸು ತಿರುಗಲಿಲ್ಲ. ಹೆಣ್ಣಿನ ಬಯಕೆ ಕಿವಿಯಿಂದ ಒಳಗೆ ಇಳಿಯುವುದನ್ನು ಕನ್ನಡದಲ್ಲಿ ಜನ್ನನಷ್ಟು ಹತ್ತಿರದಿಂದ ಕಂಡವರು ಕಡಿಮೆ. ಕೊನೆಗೆ ಆ ಜನ್ನನೂ ಗಂಡನನ್ನು ಕೊಲ್ಲಲು ಅವಳ ಕೈಗೆ ವಿಷ ಕೊಟ್ಟ.

ತುಂಗೆದಂಡೆ:

ಸೋಮವಾರ ಕ್ಲಾಸ್ ಮಾಡಿದೆ. ಭಯ ಇತ್ತು, ಪೋಷಕರು ಏನಂತಾರೋ ಅಂತ. ಸ್ತ್ರೀಲೋಲ ಅಂತ ಬರೆದು ಎದುರಿಗೆ ಗೆರೆ ಎಳೆದು ಖಾಲಿ ಬಿಟ್ಟೆ. "ಪುಸ್ತಕದಲ್ಲಿ ಪದಗಳಿವೆ, ಎಲ್ಲವೂ ಬೈಗುಳ ಆಗಿಬಿಟ್ಟಿವೆ, ನೀನು ಕೇಳಿದಂಥ ಪದ ಬಳಕೆಯಲ್ಲಿಲ್ಲ" ಅಂತ ಆ ಹುಡುಗಿಗೆ ನೇರ ಹೇಳಿದೆ. ಸ್ವೈರಿಣಿಯ ಮೂಲ ಅರ್ಥ ಬರೆಸಿದೆ. ಮಂಡಿ ಮನೆಯ ಅಕ್ಕನ ಮಾತು ಮನಸ್ಸಲ್ಲಿತ್ತು, ಹಾಗಾಗಿ ರಸಿಕ ಅನ್ನೋ ಪದವನ್ನ ಸಂಗೀತಕ್ಕೆ, ಕಾವ್ಯಕ್ಕೆ ಬಳಸಿ, ಬೇರೆ ಕಡೆ ಬೇಡ ಅಂತಲೂ ಹೇಳಿದೆ.

ಆಮೇಲೆ ಹೀಗೆ ಒಂದೇ ಕಡೆ ಇರೋ ಪದಗಳನ್ನ ನೀವೇ ಹುಡುಕಿ ಅಂದೆ. ಐದು ನಿಮಿಷ ಸದ್ದಿಲ್ಲ. ಮೊದಲು ಬಂದದ್ದು ಮುತ್ತೈದೆ. ಆಮೇಲೆ ಗಯ್ಯಾಳಿ. ಒಬ್ಬ ಹುಡುಗ, ಗುರುವಾರ ಜೋರಾಗಿ ನಕ್ಕವನೇ, "ಪತಿವ್ರತೆ" ಅಂದ. ಪಕ್ಕದವನು "ಏಕಪತ್ನೀವ್ರತ ಇದ್ಯಲ್ಲ, ರಾಮ" ಅಂದ. ಆ ಹುಡುಗಿ ತಿರುಗಿ "ಅದು ರಾಮಂಗೆ ಮಾತ್ರ. ನಿಮ್ಮ ಪಕ್ಕದ್ಮನೆ ಮಾವಂಗೆ ಯಾರಾದ್ರೂ ಹಾಗಂತಾರಾ?" ಅಂತ ಕೇಳಿದ್ಲು. ಬೆಲ್ ಹೊಡೆಯೋ ಹೊತ್ತಿಗೆ ಕೊನೇ ಬೆಂಚಿಂದ "ಸವತಿ" ಅಂತ ಬಂತು.

ಸವತಿಯ ಎದುರಿನ ಜಾಗ ಇನ್ನೂ ಖಾಲಿ ಇದೆ. ನನಗೆ ಹೊಳೀಲಿಲ್ಲ. ಯಾರಿಗಾದ್ರೂ ಗೊತ್ತಿದ್ರೆ, ಹಳ್ಳಿ ಕಡೆಯ ಮಾತಾದ್ರೂ ಸರಿ, ಇಲ್ಲಿ ಹಾಕಿ. ಶುಕ್ರವಾರ ಮತ್ತೆ ವ್ಯಾಕರಣದ ಪಿರಿಯಡ್ ಇದೆ.